ಮಳಿಗೆಯೊಳಗೆ ಮೂರು ಲಕ್ಷ ವರ್ಷ: ಕೆಮ್ನಿಟ್ಸ್‌ನ ಪುರಾತತ್ತ್ವ ಸಂಗ್ರಹಾಲಯವನ್ನು ನೋಡುವ ಬಗೆ

ಜರ್ಮನಿಯ ಪೂರ್ವಭಾಗದಲ್ಲಿರುವ ಸ್ಯಾಕ್ಸನಿ ರಾಜ್ಯದ ಕೆಮ್ನಿಟ್ಸ್ ನಗರದಲ್ಲಿ, ಬಟ್ಟೆಬರೆ ಮತ್ತು ಪಾತ್ರೆಪರಡಿ ಮಾರುವುದಕ್ಕೆಂದು 1930ರಲ್ಲಿ ತೆರೆದ ಬಹುಮಹಡಿ ಮಳಿಗೆಯೊಂದು ಇಂದು ರಾಜ್ಯದ ಪುರಾತತ್ತ್ವ ಸಂಗ್ರಹಾಲಯವಾಗಿದೆ. ಜರ್ಮನ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಎಲ್ಲರೂ ಅದನ್ನು ‘ಸ್ಮ್ಯಾಕ್’ ಎಂದೇ ಕರೆಯುತ್ತಾರೆ. ಎರಿಕ್ ಮೆಂಡೆಲ್‌ಸೋನ್ ವಿನ್ಯಾಸಗೊಳಿಸಿದ ಈ ಕಟ್ಟಡವನ್ನು ನೋಡಲು ವಾಸ್ತುಶಿಲ್ಪದ ಆಸಕ್ತರು ಬರುತ್ತಾರೆ. ಒಳಗಿರುವ ಸುಮಾರು ಆರು ಸಾವಿರ ವಸ್ತುಗಳನ್ನು ನೋಡಲು ಇತಿಹಾಸದ ಆಸಕ್ತರು ಬರುತ್ತಾರೆ. ಮೊದಲ ಗುಂಪಿನವರು ಹೊರಗಿನಿಂದ ಚಿತ್ರ ತೆಗೆದುಕೊಂಡು ಹೊರಟುಬಿಡುವುದೂ ಎರಡನೆಯ ಗುಂಪಿನವರು ತಲೆಯೆತ್ತದೆ ನೇರವಾಗಿ ಟಿಕೆಟ್ ಕಟ್ಟೆಗೆ ಹೋಗಿಬಿಡುವುದೂ ಉಂಟು. ಇಬ್ಬರೂ ಅರ್ಧವನ್ನಷ್ಟೇ ಕಂಡಂತಾಗುತ್ತದೆ. ಕಟ್ಟಡವನ್ನೂ ಸಂಗ್ರಹವನ್ನೂ ಒಂದೇ ಕಥೆಯಾಗಿ ಓದಿಕೊಳ್ಳಲು ಸಾಧ್ಯವಾಗುವ ಒಂದು ಕ್ರಮವನ್ನು ಇಲ್ಲಿ ಸೂಚಿಸುತ್ತಿದ್ದೇನೆ.

ಹೊರಡುವ ಮುನ್ನ

ಕೆಮ್ನಿಟ್ಸ್‌ಗೆ ಹೋಗುವವರು ಸಾಮಾನ್ಯವಾಗಿ ಲೈಪ್‌ಜಿಗ್ ಅಥವಾ ಡ್ರೆಸ್ಡೆನ್ ನಗರದಲ್ಲಿ ಉಳಿದುಕೊಂಡು ಒಂದು ದಿನದ ಮಟ್ಟಿಗೆ ಬಂದು ಹೋಗುತ್ತಾರೆ. ಎರಡೂ ನಗರಗಳಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ಇಬ್ಬರು ಮೂವರು ಜೊತೆಯಾಗಿ ಹೊರಡುವುದಾದರೆ ‘ಸ್ಯಾಕ್ಸನಿ ಟಿಕೆಟ್’ ಎಂಬ ಒಂದು ದಿನದ ರಾಜ್ಯ ಟಿಕೆಟ್ಟನ್ನು ಕೊಳ್ಳುವುದು ಅನುಕೂಲಕರ. ಗರಿಷ್ಠ ಐವರು ಒಂದೇ ಟಿಕೆಟ್ಟಿನಲ್ಲಿ ಪ್ರಯಾಣಿಸಬಹುದು. ಆದರೆ ಅದು ಪ್ರಾದೇಶಿಕ ರೈಲುಗಳಲ್ಲಿ ಮಾತ್ರ ನಡೆಯುತ್ತದೆ, ಮತ್ತು ವಾರದ ದಿನಗಳಲ್ಲಿ ಬೆಳಿಗ್ಗೆ 9 ಗಂಟೆಗೆ ಮೊದಲು ಅದನ್ನು ಬಳಸುವಂತಿಲ್ಲ. ಕೆಮ್ನಿಟ್ಸ್‌ನ ಮುಖ್ಯ ನಿಲ್ದಾಣದಿಂದ ಸಂಗ್ರಹಾಲಯಕ್ಕೆ ನಡೆದುಹೋಗಲು ಹತ್ತು ಹದಿನೈದು ನಿಮಿಷ ಸಾಕು. ವಿಳಾಸ ಸ್ಟೆಫಾನ್ ಹೈಮ್ ಪ್ಲಾಟ್ಸ್ 1. ಈ ನಗರದಲ್ಲೇ 1913ರಲ್ಲಿ ಯೆಹೂದಿ ಕುಟುಂಬವೊಂದರಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಹೋಗಬೇಕಾದ ಲೇಖಕನೊಬ್ಬನ ಹೆಸರನ್ನು ಆ ಚೌಕಕ್ಕೆ ಇಟ್ಟಿದ್ದಾರೆ. ಕಟ್ಟಡದ ಕಥೆ ಗೊತ್ತಾದ ಮೇಲೆ ಈ ವಿಳಾಸ ಎಷ್ಟು ತಕ್ಕದ್ದೆಂಬುದು ತಾನೇ ಅರಿವಾಗುತ್ತದೆ.

ಸೋಮವಾರ ಸಂಗ್ರಹಾಲಯಕ್ಕೆ ರಜೆ. ಪ್ರವೇಶ ಶುಲ್ಕ, ತೆರೆದಿರುವ ಸಮಯ ಮತ್ತು ವಿಶೇಷ ಪ್ರದರ್ಶನಗಳ ವಿವರವನ್ನು ಹೊರಡುವ ಹಿಂದಿನ ದಿನ ಸಂಗ್ರಹಾಲಯದ ಜಾಲತಾಣದಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಜರ್ಮನಿಯಲ್ಲಿ ಸಾರ್ವಜನಿಕ ರಜೆಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದರಿಂದ ಈ ಎಚ್ಚರಿಕೆ ಬೇಕು. ಶಾಶ್ವತ ಪ್ರದರ್ಶನಕ್ಕೆ ಕನಿಷ್ಠ ಮೂರು ಗಂಟೆಗಳನ್ನು ಮೀಸಲಿಡಿ. ಒಂದೂವರೆ ಗಂಟೆಯಲ್ಲಿ ಮುಗಿಸುತ್ತೇವೆಂದು ಬಂದವರು ಎರಡನೆಯ ಮಹಡಿಯ ಮಧ್ಯದಲ್ಲೇ ದಣಿದು, ಮೂರನೆಯದನ್ನು ಕಣ್ಣಾಡಿಸಿ ಹೊರಬರುತ್ತಾರೆ. ಅದು ನಿಜಕ್ಕೂ ನಷ್ಟ, ಏಕೆಂದರೆ ಕಟ್ಟಡದ ಕಥೆಗೆ ಕೊಂಡಿಯಾಗುವುದು ಆ ಮೂರನೆಯ ಮಹಡಿಯೇ.

ಯಾವ ಋತುವಿನಲ್ಲಿ ಹೋಗಬೇಕೆಂಬ ಪ್ರಶ್ನೆಗೂ ಇಲ್ಲಿ ಅರ್ಥವಿದೆ. ಡಿಸೆಂಬರ್ ತಿಂಗಳಲ್ಲಿ ಕೆಮ್ನಿಟ್ಸ್‌ನಲ್ಲಿ ಸಂಜೆ ನಾಲ್ಕರ ಹೊತ್ತಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಈ ಕಟ್ಟಡವನ್ನು ಹಗಲಿನಲ್ಲೂ ಕತ್ತಲಾದ ಮೇಲೂ ನೋಡಬೇಕಾಗಿರುವುದರಿಂದ ಚಳಿಗಾಲದಲ್ಲಿ ಬರುವವರಿಗೆ ಎರಡೂ ಒಂದೇ ಭೇಟಿಯಲ್ಲಿ ದಕ್ಕುತ್ತವೆ. ಬೇಸಿಗೆಯಲ್ಲಿ ಬರುವವರು ಕೊನೆಯ ರೈಲಿನ ಸಮಯವನ್ನು ಮೊದಲೇ ತಿಳಿದುಕೊಂಡಿರಬೇಕು, ಇಲ್ಲವೇ ಅಂದಿನ ರಾತ್ರಿ ಊರಿನಲ್ಲೇ ಉಳಿಯಬೇಕು.

ಬಾಗಿಲು ದಾಟುವ ಮೊದಲು

ಟಿಕೆಟ್ ಕೊಳ್ಳುವ ಅವಸರ ಬೇಡ. ರಸ್ತೆಯ ಆಚೆ ಬದಿಗೆ ಹೋಗಿ, ಬ್ರುಕೆನ್‌ಸ್ಟ್ರಾಸ ಎಂಬ ಅಗಲವಾದ ಬೀದಿಯ ಅಂಚಿನಲ್ಲಿ ನಿಂತು, ಕನಿಷ್ಠ ಹತ್ತು ನಿಮಿಷ ಕಟ್ಟಡವನ್ನಷ್ಟೇ ನೋಡಿ. ಬೀದಿಯ ಉದ್ದಕ್ಕೂ ಬಿಲ್ಲಿನಂತೆ ಬಾಗಿದ ಮುಖ, ಅದರ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲೂ ತುಂಡಾಗದೆ ಹರಿಯುವ ಕಿಟಕಿಯ ಪಟ್ಟಿಗಳು, ಅವುಗಳ ನಡುವೆ ತಿಳಿ ಬಣ್ಣದ ಕಲ್ಲಿನ ಪಟ್ಟಿಗಳು, ಮೇಲಕ್ಕೆ ಹೋದಂತೆ ಹಿಂದೆ ಸರಿದು ಕುಳಿತ ಮಹಡಿಗಳು. ಇಷ್ಟೇ. ಅಲಂಕಾರವೆಂದು ಬೆರಳು ಮಾಡಿ ತೋರಿಸಲು ಒಂದು ಕೆತ್ತನೆಯೂ ಇಲ್ಲ.

ಈಗ ಒಂದು ಪ್ರಶ್ನೆಯನ್ನು ಹಾಕಿಕೊಳ್ಳಿ: ಈ ಗೋಡೆಯನ್ನು ಹೊತ್ತಿರುವ ಕಂಬಗಳು ಎಲ್ಲಿವೆ? ಹೊರಮುಖದಲ್ಲಿ ಒಂದೂ ಕಾಣುವುದಿಲ್ಲ. ಹಳೆಯ ಕಾಲದ ಮಳಿಗೆಗಳಲ್ಲಿ ಗೋಡೆಯೇ ಭಾರ ಹೊರುತ್ತಿದ್ದುದರಿಂದ ಕಿಟಕಿಗಳು ಕಂಬಗಳ ನಡುವಿನ ಸಂದುಗಳಾಗಿ, ನೆಟ್ಟಗೆ, ಬಿಡಿಬಿಡಿಯಾಗಿ ಇರುತ್ತಿದ್ದವು. ಮೆಂಡೆಲ್‌ಸೋನ್ ಭಾರ ಹೊರುವ ಕಂಬಗಳನ್ನು ಒಳಕ್ಕೆ ಸರಿಸಿ, ಪ್ರತಿ ಮಹಡಿಯ ನೆಲವನ್ನು ಅವುಗಳಿಂದಾಚೆಗೆ ಚಾಚಿಸಿ, ಆ ಚಾಚಿನ ತುದಿಗೆ ಮುಖಗೋಡೆಯನ್ನು ತೊಡಿಸಿದನು. ಹೊರಗೋಡೆ ಏನನ್ನೂ ಹೊರಬೇಕಾಗಿಲ್ಲದ ಕಾರಣ ಗಾಜು ಅಡೆತಡೆಯಿಲ್ಲದೆ ಓಡುತ್ತದೆ. ಒಳಗೆ ಹೋದ ಮೇಲೆ ಕಿಟಕಿಗೂ ಮೊದಲ ಸಾಲಿನ ಕಂಬಗಳಿಗೂ ನಡುವಿನ ಜಾಗದಲ್ಲಿ ನೀವು ಬಹಳ ಹೊತ್ತು ಕಳೆಯಲಿದ್ದೀರಿ. ಆ ಜಾಗ ಹುಟ್ಟಿದ್ದು ಹೇಗೆಂಬುದನ್ನು ಹೊರಗಿನಿಂದಲೇ ಅರಿತುಕೊಂಡರೆ ಒಳಗಿನ ನಡಿಗೆ ಬೇರೆಯೇ ಆಗುತ್ತದೆ.

1887ರಲ್ಲಿ ಹುಟ್ಟಿದ ಮೆಂಡೆಲ್‌ಸೋನ್‌ಗೆ ಹೆಸರು ತಂದುಕೊಟ್ಟದ್ದು ಪಾಟ್ಸ್‌ಡಾಮ್‌ನ ಐನ್‌ಸ್ಟೈನ್ ಗೋಪುರ. ಶೋಕನ್ ಸಹೋದರರ ಮಳಿಗೆ ಸಂಸ್ಥೆಗಾಗಿ ಅವನು ನ್ಯೂರೆಂಬರ್ಗ್, ಸ್ಟುಟ್‌ಗಾರ್ಟ್ ಮತ್ತು ಕೆಮ್ನಿಟ್ಸ್‌ಗಳಲ್ಲಿ ಮೂರು ಕಟ್ಟಡಗಳನ್ನು ರೂಪಿಸಿದನು. ಇವುಗಳಲ್ಲಿ ಸ್ಟುಟ್‌ಗಾರ್ಟಿನದು ಎರಡನೆಯ ಮಹಾಯುದ್ಧವನ್ನು ದಾಟಿ ಉಳಿದಿದ್ದರೂ, ಜಗತ್ತಿನ ಹಲವೆಡೆಯ ವಾಸ್ತುಶಿಲ್ಪಿಗಳ ಪ್ರತಿಭಟನೆಯ ನಡುವೆಯೇ 1960ರಲ್ಲಿ ಅದನ್ನು ಕೆಡವಲಾಯಿತು. ಆ ಸಂಗತಿ ಗೊತ್ತಿದ್ದವರಿಗೆ ಕೆಮ್ನಿಟ್ಸ್‌ನ ಈ ಬಾಗಿದ ಗೋಡೆಯ ಮುಂದೆ ನಿಂತಾಗ ಒಂದು ಬಗೆಯ ನೆಮ್ಮದಿ ಮೂಡುತ್ತದೆ. 1945ರ ಮಾರ್ಚ್ 5ರ ಬಾಂಬ್ ದಾಳಿಯಲ್ಲಿ ನಗರದ ನಡುಭಾಗದ ಬಹುಪಾಲು ಸುಟ್ಟು ಬೂದಿಯಾಯಿತು. ಸುತ್ತಲಿನ ಬೀದಿಗಳು ಇಷ್ಟು ಅಗಲವಾಗಿ, ಇಷ್ಟು ಬರಿದಾಗಿ ಕಾಣುವುದಕ್ಕೆ ಅದೇ ಕಾರಣ. ಪೂರ್ವ ಜರ್ಮನಿಯ ಸರ್ಕಾರ ಆ ಖಾಲಿ ನೆಲದ ಮೇಲೆ ಹೊಸ ನಗರವನ್ನು ಕಟ್ಟಿ, 1953ರಿಂದ 1990ರವರೆಗೆ ಅದನ್ನು ಕಾರ್ಲ್ ಮಾರ್ಕ್ಸ್ ಸ್ಟಾಟ್ ಎಂದು ಕರೆಯಿತು. ಇದೇ ಬೀದಿಯಲ್ಲಿ ಕೆಲವು ನಿಮಿಷ ನಡೆದರೆ ಲೆವ್ ಕೆರ್ಬೆಲ್ ರೂಪಿಸಿ 1971ರಲ್ಲಿ ಅನಾವರಣಗೊಂಡ ಮಾರ್ಕ್ಸ್‌ನ ತಲೆ ಸಿಗುತ್ತದೆ. ಏಳು ಮೀಟರಿಗೂ ಎತ್ತರವಾದ ಆ ಕಂಚಿನ ತಲೆಯನ್ನು ಹೋಗುವಾಗಲೋ ಬರುವಾಗಲೋ ನೋಡಬಹುದು; ಅದಕ್ಕಾಗಿ ಪ್ರತ್ಯೇಕ ಸಮಯ ಬೇಕಿಲ್ಲ.

ಕೆಳಗಿನಿಂದ ಮೇಲಕ್ಕೆ

ಒಳಗೆ ಹೋದೊಡನೆ ದೊಡ್ಡ ಚೀಲ ಮತ್ತು ಕೋಟನ್ನು ಒಪ್ಪಿಸಿಬಿಡಿ. ಪೆಟ್ಟಿಗೆಗಳಿಗೆ ನಾಣ್ಯ ಹಾಕಬೇಕಾಗುವುದು ಜರ್ಮನಿಯ ಸಂಗ್ರಹಾಲಯಗಳಲ್ಲಿ ಸಾಮಾನ್ಯ, ಆದ್ದರಿಂದ ಒಂದು ಯೂರೊ ಮತ್ತು ಎರಡು ಯೂರೊ ನಾಣ್ಯಗಳು ಕೈಯಲ್ಲಿರಲಿ. ಜರ್ಮನ್ ಬಾರದವರು ಇಂಗ್ಲಿಷಿನಲ್ಲಿ ಯಾವ ಮಾರ್ಗದರ್ಶಿ ಸಾಮಗ್ರಿ ಸಿಗುತ್ತದೆಯೆಂದು ಟಿಕೆಟ್ ಕಟ್ಟೆಯಲ್ಲೇ ಕೇಳಿಕೊಳ್ಳಬೇಕು. ಛಾಯಾಚಿತ್ರದ ನಿಯಮಗಳನ್ನೂ ಅಲ್ಲೇ ವಿಚಾರಿಸಿ.

ಶಾಶ್ವತ ಪ್ರದರ್ಶನವು ಮೂರು ಮಹಡಿಗಳಲ್ಲಿ, ಸುಮಾರು ಮೂರು ಸಾವಿರ ಚದರ ಮೀಟರ್ ಜಾಗದಲ್ಲಿ ಹರಡಿಕೊಂಡಿದೆ. ಸ್ಯಾಕ್ಸನಿಯ ನೆಲದಲ್ಲಿ ಮನುಷ್ಯ ಕಾಲಿಟ್ಟ ಸುಮಾರು ಮೂರು ಲಕ್ಷ ವರ್ಷಗಳ ಹಿಂದಿನಿಂದ ಕೈಗಾರಿಕೆಯ ಆರಂಭದವರೆಗಿನ ಕಾಲ ಇಲ್ಲಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಮೊದಲ ಮಹಡಿಯಲ್ಲಿ ಬೇಟೆಗಾರರು ಮತ್ತು ಆಹಾರ ಸಂಗ್ರಾಹಕರು, ಎರಡನೆಯದರಲ್ಲಿ ಬೇಸಾಯಗಾರರು ಮತ್ತು ಲೋಹಗಾರರು, ಮೂರನೆಯದರಲ್ಲಿ ಮಧ್ಯಯುಗದಿಂದೀಚಿನ ಜನ. ಲಿಫ್ಟಿನಲ್ಲಿ ಮೇಲಕ್ಕೆ ಹೋಗಿ ಇಳಿಯುತ್ತ ನೋಡುವ ಅಭ್ಯಾಸ ಅನೇಕರಿಗಿದೆ. ಇಲ್ಲಿ ಹಾಗೆ ಮಾಡಬಾರದು. ಉತ್ಖನನದ ಗುಂಡಿಯಲ್ಲಿ ಅತ್ಯಂತ ಹಳೆಯ ಪದರ ತಳದಲ್ಲಿರುತ್ತದೆ, ಹೊಸದು ಅದರ ಮೇಲೆ ಕೂರುತ್ತದೆ. ಈ ಪ್ರದರ್ಶನದಲ್ಲೂ ಕಾಲ ಅದೇ ರೀತಿ ಒಂದರ ಮೇಲೊಂದು ಪೇರಿಸಿಕೊಂಡಿದೆ. ಮೆಟ್ಟಿಲು ಹತ್ತುತ್ತ ಹೋದರೆ ಅಗೆಯುವವನು ಮೇಲಿನಿಂದ ಕೆಳಗೆ ಕಂಡದ್ದನ್ನು ನೀವು ಕೆಳಗಿನಿಂದ ಮೇಲಕ್ಕೆ, ಬದುಕು ನಡೆದ ಕ್ರಮದಲ್ಲಿ ಕಾಣುತ್ತೀರಿ. ಮಹಡಿಗಳ ನಡುವಿನ ತೆರೆದ ಜಾಗದಲ್ಲಿ ಸ್ಯಾಕ್ಸನಿಯ ನೆಲದ ಆಕಾರದ ಒಂದು ಮಾದರಿ ತೂಗಾಡುತ್ತದೆ. ಅದು ತುಂಡುಗಳಾಗಿ ಬಿಚ್ಚಿಕೊಂಡು ಚಲಿಸುತ್ತದೆ. ಪ್ರತಿ ಮಹಡಿಯಲ್ಲೂ ಒಮ್ಮೆ ಅದರ ಮುಂದೆ ನಿಂತು ನದಿಗಳು ಎಲ್ಲಿವೆ, ಬೆಟ್ಟಗಳು ಎಲ್ಲಿವೆ ಎಂದು ಗುರುತು ಹಿಡಿದರೆ ಮುಂದೆ ಬರುವ ಊರಿನ ಹೆಸರುಗಳು ಬರಿಯ ಹೆಸರುಗಳಾಗಿ ಉಳಿಯುವುದಿಲ್ಲ.

ಪ್ರತಿ ಮಹಡಿಯನ್ನೂ ಎರಡು ಬಾರಿ ಸುತ್ತಬೇಕು ಎಂಬುದು ನನ್ನ ಮುಖ್ಯ ಸಲಹೆ. ಮೊದಲ ಸುತ್ತು ಒಳಭಾಗದಲ್ಲಿ, ಪುರಾತತ್ತ್ವದ ವಸ್ತುಗಳ ನಡುವೆ. ಎರಡನೆಯ ಸುತ್ತು ಬಾಗಿದ ಕಿಟಕಿಯ ಅಂಚಿನಲ್ಲಿ, ಹಗಲಿನ ಬೆಳಕಿನಲ್ಲಿ. ಆ ಅಂಚಿನಲ್ಲಿ ಬೇರೆಯೇ ಒಂದು ಪ್ರದರ್ಶನವಿದೆ: ವಾಸ್ತುಶಿಲ್ಪಿ ಮೆಂಡೆಲ್‌ಸೋನ್, ಮಳಿಗೆಯ ಒಡೆಯ ಸಲ್ಮಾನ್ ಶೋಕನ್, ಮತ್ತು ಶೋಕನ್ ಮಳಿಗೆಗಳ ಸಂಸ್ಥೆ, ಈ ಮೂರು ವಿಷಯಗಳನ್ನು ಮೂರು ಮಹಡಿಗಳಿಗೆ ಹಂಚಿದ್ದಾರೆ. ಎಷ್ಟೋ ಸಂದರ್ಶಕರು ಅದನ್ನು ವಿಶ್ರಾಂತಿಯ ಜಾಗವೆಂದು ತಿಳಿದು ಕುಳಿತು ಎದ್ದು ಹೋಗಿಬಿಡುತ್ತಾರೆ.

ಕಲ್ಲಿನಿಂದ ಆರಂಭ

ಮೊದಲ ಮಹಡಿಯಲ್ಲಿ ಕಣ್ಣಿಗೆ ಹಬ್ಬವಾಗುವಂಥ ವಸ್ತುಗಳು ಕಡಿಮೆ, ಯೋಚನೆಗೆ ಆಹಾರ ಹೆಚ್ಚು. ಲೈಪ್‌ಜಿಗ್‌ನ ದಕ್ಷಿಣಕ್ಕಿರುವ ಮಾರ್ಕ್‌ಕ್ಲೇಬೆರ್ಗ್‌ನ ಜಲ್ಲಿಗಣಿಗಳಲ್ಲಿ ಸಿಕ್ಕ ಚಕಮಕಿ ಕಲ್ಲಿನ ಉಪಕರಣಗಳು ಎರಡು ಲಕ್ಷ ಎಂಬತ್ತು ಸಾವಿರ ವರ್ಷಗಳಷ್ಟು ಹಳೆಯವೆಂದು ಲೆಕ್ಕ ಹಾಕಲಾಗಿದೆ. ಇಂಥ ಕಲ್ಲುಗಳನ್ನು ನೋಡುವಾಗ ಆಕಾರಕ್ಕಿಂತ ಮೊದಲು ಅಂಚನ್ನು ನೋಡಿ. ಒಂದರ ಪಕ್ಕ ಒಂದರಂತೆ ಸಿಪ್ಪೆ ಎದ್ದ ಗುಳಿಗಳು ಕಾಣುತ್ತವೆ. ಒಂದೊಂದು ಗುಳಿಯೂ ಒಂದೊಂದು ಏಟು, ಮತ್ತು ಏಟಿನ ದಿಕ್ಕನ್ನು ಅದರಿಂದಲೇ ಹೇಳಬಹುದು. ಆ ಕಲ್ಲು ಸ್ಯಾಕ್ಸನಿಗೆ ಬಂದದ್ದಾದರೂ ಹೇಗೆ? ಚಕಮಕಿ ಕಲ್ಲು ಬಾಲ್ಟಿಕ್ ಸಮುದ್ರದ ಸುತ್ತಲಿನ ಸುಣ್ಣದ ಬಂಡೆಗಳ ಸ್ವತ್ತು. ಹಿಮಯುಗದಲ್ಲಿ ಉತ್ತರದಿಂದ ಜರುಗಿಬಂದ ಹಿಮದ ಹಾಳೆಗಳು ಅದನ್ನು ತಳ್ಳಿಕೊಂಡು ತಂದವು. ಹಿಮ ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಯವರೆಗೆ ಮಾತ್ರ ಆ ಕಲ್ಲು ನೆಲದಲ್ಲಿ ಸಿಗುತ್ತದೆ, ಹೀಗಾಗಿ ಭೂವಿಜ್ಞಾನಿಗಳು ಅದರ ದಕ್ಷಿಣದ ಗಡಿಯನ್ನು ‘ಚಕಮಕಿ ಗೆರೆ’ ಎಂದು ಕರೆಯುತ್ತಾರೆ. ಆ ಗೆರೆ ಸ್ಯಾಕ್ಸನಿಯ ಮೂಲಕವೇ ಹಾದುಹೋಗುತ್ತದೆ. ತೂಗಾಡುವ ಮಾದರಿಯ ಮುಂದೆ ನಿಂತಾಗ ಇದನ್ನು ನೆನೆದರೆ, ಮೊದಲ ಬೇಟೆಗಾರರ ಕುರುಹುಗಳು ರಾಜ್ಯದ ಉತ್ತರದ ಬಯಲುಗಳಲ್ಲಿ ಸಿಕ್ಕಿರುವುದಕ್ಕೆ ಒಂದು ಕಾರಣ ಹೊಳೆಯುತ್ತದೆ.

ಮೊದಲ ಸುತ್ತು ಮುಗಿದ ಕೂಡಲೇ ಕಿಟಕಿಯ ಬದಿಗೆ ಬನ್ನಿ. ಕಣ್ಣು ಬೆಳಕಿಗೆ ಒಗ್ಗಲು ಒಂದು ಗಳಿಗೆ ಹಿಡಿಯುತ್ತದೆ. ಕಂಬಗಳು ಈಗ ನಿಮ್ಮ ಬೆನ್ನ ಹಿಂದಿವೆ, ಕಾಲಡಿಯ ನೆಲ ಕಂಬಗಳಿಂದಾಚೆಗೆ ಚಾಚಿಕೊಂಡಿದೆ, ಮುಂದೆ ಗಾಜಿನಾಚೆ ಬೀದಿ ಬಾಗುತ್ತ ಸಾಗಿದೆ. ಹೊರಗೆ ನಿಂತು ಕೇಳಿಕೊಂಡ ಪ್ರಶ್ನೆಗೆ ಇಲ್ಲಿ ಕಾಲಿನಿಂದಲೇ ಉತ್ತರ ಸಿಗುತ್ತದೆ.

ಬಾವಿಗಳ ಮಹಡಿ

ಎರಡನೆಯ ಮಹಡಿಗೆ ಹೆಚ್ಚಿನ ಸಮಯ ಕೊಡಿ. ಕ್ರಿಸ್ತಪೂರ್ವ 5500ರ ಸುಮಾರಿಗೆ ಬೇಸಾಯ ಬಲ್ಲ ಜನ ಈ ನೆಲಕ್ಕೆ ಬಂದು ನೆಲೆಸಿದರು. ಮಡಕೆಗಳ ಮೇಲೆ ಅವರು ಗೀರಿದ ಪಟ್ಟಿಗಳ ಕಾರಣ ಪುರಾತತ್ತ್ವಜ್ಞರು ಅವರನ್ನು ‘ಪಟ್ಟಿಗೆರೆ ಮಡಕೆಯ ಸಂಸ್ಕೃತಿ’ಯವರೆಂದು ಗುರುತಿಸುತ್ತಾರೆ. ಲೈಪ್‌ಜಿಗ್ ಸುತ್ತಮುತ್ತ ಅವರು ತೋಡಿದ ಬಾವಿಗಳು ಸಿಕ್ಕಿವೆ. ನೀರಿನ ಮಟ್ಟಕ್ಕಿಂತ ಕೆಳಗೆ, ಗಾಳಿ ತಾಗದಂತೆ ಹೂತುಹೋಗಿದ್ದುದರಿಂದ ಅವುಗಳ ಓಕ್ ಮರದ ಕಟ್ಟು ಏಳು ಸಾವಿರ ವರ್ಷ ಕೊಳೆಯದೆ ಉಳಿಯಿತು. ಆಲ್ಟ್‌ಷೆರ್ಬಿಟ್ಸ್, ಬ್ರೋಡಾವ್ ಮತ್ತು ಐತ್ರಾ ಎಂಬ ಸ್ಥಳಗಳ ಬಾವಿಗಳ ಮರಗಳನ್ನು ಕಾಂಡದ ಬೆಳವಣಿಗೆಯ ಉಂಗುರಗಳ ಎಣಿಕೆಯಿಂದ ಪರೀಕ್ಷಿಸಿದಾಗ, ಅವನ್ನು ಕ್ರಿಸ್ತಪೂರ್ವ 5469ರಿಂದ 5098ರ ನಡುವೆ ಕಡಿಯಲಾಗಿತ್ತೆಂದು ಗೊತ್ತಾಯಿತು. ಲೋಹವೆಂಬುದೇ ಇಲ್ಲದ ಕಾಲ. ಕಲ್ಲಿನ ಬಾಚಿಯಿಂದ ಮೂರು ಅಡಿ ದಪ್ಪದವರೆಗಿನ ಮರಗಳನ್ನು ಉರುಳಿಸಿ, ಹಲಗೆಗಳಾಗಿ ಸೀಳಿ, ಮೂಲೆಗಳಲ್ಲಿ ಒಂದಕ್ಕೊಂದು ಕಚ್ಚಿಸಿ, ಕೆಲವೆಡೆ ತೂತಿಗೆ ನಾಲಗೆ ಸೇರಿಸಿ ಬೆಣೆ ಹೊಡೆದು ಕೂರಿಸಿದ್ದಾರೆ. ಬಡಗಿಯ ಕೆಲಸ ಲೋಹದ ಜೊತೆಗೆ ಹುಟ್ಟಿತೆಂಬ ನಂಬಿಕೆಯನ್ನು ಈ ಬಾವಿಗಳು ಬದಲಿಸಿದವು. ಈ ಮಹಡಿಯಲ್ಲಿ ಬಾವಿ, ಮರ ಅಥವಾ ತೊಗಟೆಗೆ ಸಂಬಂಧಿಸಿದ ಏನು ಕಂಡರೂ ನಿಲ್ಲಿ. ಮಡಕೆ ಮತ್ತು ಕಲ್ಲು ಎಲ್ಲ ದೇಶಗಳಲ್ಲೂ ಉಳಿಯುತ್ತವೆ, ಏಳು ಸಾವಿರ ವರ್ಷದ ಮರಗೆಲಸ ಅಪರೂಪ.

ಇದೇ ಕಾಲದ ಒಂದು ಪುಟ್ಟ ಮಣ್ಣಿನ ತುಣುಕು ಸ್ಯಾಕ್ಸನಿಯ ಪುರಾತತ್ತ್ವದಲ್ಲಿ ಹೆಸರುವಾಸಿ. 2003ರಲ್ಲಿ ಚೆರ್ನಿಟ್ಸ್ ಎಂಬ ಹಳ್ಳಿಯ ಬಳಿ ಸಿಕ್ಕ ಅದು ಗಂಡಸಿನ ಸೊಂಟ ಮತ್ತು ತೊಡೆಯ ಭಾಗವಷ್ಟೇ ಉಳಿದಿರುವ ಗೊಂಬೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಸುಮಾರು ಏಳು ಸಾವಿರ ವರ್ಷ ಹಳೆಯದಾದ ಅದಕ್ಕೆ ‘ಚೆರ್ನಿಟ್ಸ್‌ನ ಅಡೋನಿಸ್’ ಎಂದು ಹೆಸರಾಗಿದೆ. ಆ ಕಾಲದ ಗೊಂಬೆಗಳಲ್ಲಿ ಗಂಡೆಂದು ಖಚಿತವಾಗಿ ಹೇಳಬಹುದಾದವು ವಿರಳವಾದ್ದರಿಂದ ಅದಕ್ಕೆ ಇಷ್ಟು ಮಹತ್ತ್ವ. ಇಂಥ ವಸ್ತುಗಳು ಕೆಲವೊಮ್ಮೆ ಬೇರೆ ನಗರಗಳ ಪ್ರದರ್ಶನಗಳಿಗೆ ಪ್ರಯಾಣ ಹೋಗಿರುತ್ತವೆ. ನಿರ್ದಿಷ್ಟವಾಗಿ ಒಂದನ್ನೇ ನೋಡಲು ದೂರದಿಂದ ಬರುವವರು ಮೊದಲೇ ಬರೆದು ಕೇಳುವುದು ಲೇಸು.

ಸ್ಯಾಕ್ಸನಿಯಲ್ಲಿ ಇಷ್ಟೆಲ್ಲ ಸಿಗಲು ನೆಲದಡಿಯ ಕಂದು ಕಲ್ಲಿದ್ದಲೂ ಒಂದು ಕಾರಣ. ಲೈಪ್‌ಜಿಗ್‌ನ ದಕ್ಷಿಣದಲ್ಲಿ ಕಲ್ಲಿದ್ದಲಿಗಾಗಿ ಹಳ್ಳಿಗಳಿಗೆ ಹಳ್ಳಿಗಳನ್ನೇ ತೆರವು ಮಾಡಿ ನೆಲವನ್ನು ಬಗೆದರು. ಐತ್ರಾ ಹಾಗೆ ಅಳಿಸಿಹೋದ ಹಳ್ಳಿಗಳಲ್ಲಿ ಒಂದು. ಯಂತ್ರಗಳು ಬರುವ ಮೊದಲು ಪುರಾತತ್ತ್ವಜ್ಞರು ಅಗೆದಾಗ, ಆ ಹಳ್ಳಿಗಿಂತ ಸಾವಿರಾರು ವರ್ಷ ಹಳೆಯ ಇನ್ನೊಂದು ಹಳ್ಳಿಯ ಮನೆಗಳ ತಳಪಾಯದ ಗುರುತುಗಳು ಸಾಲುಸಾಲಾಗಿ ಕಂಡವು. ಎರಡೂ ಈಗ ಅಲ್ಲಿಲ್ಲ. ಗಾಜಿನ ಕಪಾಟಿನಲ್ಲಿರುವ ಒಂದು ಮಡಕೆಯ ಹಿಂದೆ ಇಷ್ಟು ದೊಡ್ಡ ಗುಂಡಿಯಿದೆ ಎಂಬುದನ್ನು ವಿವರ ಫಲಕಗಳಲ್ಲಿನ ಸ್ಥಳನಾಮಗಳನ್ನು ಓದುವಾಗ ಮರೆಯಬಾರದು.

ಕಂಚಿನ ಯುಗ ಮತ್ತು ಕಬ್ಬಿಣ ಯುಗದ ಸಾಲುಗಳಲ್ಲಿ ಮಡಕೆಗಳ ಸಂಖ್ಯೆ ದಿಗಿಲು ಹುಟ್ಟಿಸುವಷ್ಟಿದೆ. ಎಲ್ಲವನ್ನೂ ಒಂದೊಂದಾಗಿ ನೋಡಲು ಹೋಗಬೇಡಿ. ಯಾವುದಾದರೂ ಒಂದು ಲಕ್ಷಣವನ್ನು, ಉದಾಹರಣೆಗೆ ಹಿಡಿಕೆಯನ್ನೋ ಕುತ್ತಿಗೆಯ ಗೆರೆಯನ್ನೋ, ಆಯ್ದುಕೊಂಡು ಅದು ಹೇಗೆ ಬದಲಾಗುತ್ತ ಹೋಗುತ್ತದೆಂದು ಸಾಲಿನುದ್ದಕ್ಕೂ ಹಿಂಬಾಲಿಸಿದರೆ ಸಾಕು. ಪುರಾತತ್ತ್ವಜ್ಞರು ಕಾಲಾನುಕ್ರಮ ಕಟ್ಟುವುದೂ ಇದೇ ರೀತಿಯಲ್ಲಿ.

ಬೆಳ್ಳಿಯಿಂದ ಮಳಿಗೆಯವರೆಗೆ

ಮೂರನೆಯ ಮಹಡಿಯಲ್ಲಿ ಸ್ಲಾವ್ ಜನರ ಹಳ್ಳಿಗಳು, 929ರಲ್ಲಿ ಕಟ್ಟಿದ ಮೈಸೆನ್ ಕೋಟೆಯ ಕಾಲ, ಹನ್ನೆರಡನೆಯ ಶತಮಾನದ ವಲಸೆ, ಹೊಸ ನಗರಗಳು ಬರುತ್ತವೆ. ಇಲ್ಲಿ ನಿಲ್ಲಬೇಕಾದ ವಿಷಯ ಗಣಿಗಾರಿಕೆ. 1168ರಲ್ಲಿ ಫ್ರೈಬೆರ್ಗ್ ಬಳಿ ಬೆಳ್ಳಿ ಸಿಕ್ಕಿದ್ದು ಈ ನಾಡಿನ ಹಣೆಬರಹವನ್ನೇ ಬದಲಿಸಿತು. ಡಿಪ್ಪೊಲ್ಡಿಸ್ವಾಲ್ಡೆ ಎಂಬ ಪಟ್ಟಣದ ಕೆಳಗೆ ಇತ್ತೀಚಿನ ದಶಕಗಳಲ್ಲಿ ಹನ್ನೆರಡನೆಯ ಶತಮಾನದ ಕೊನೆಯ ಗಣಿಸುರಂಗಗಳು ಪತ್ತೆಯಾದವು. ನೀರು ತುಂಬಿದ್ದುದರಿಂದ ಏಣಿ, ಮರದ ತೊಟ್ಟಿ, ರಾಟೆಯ ಭಾಗಗಳು ಹಾಗೆಯೇ ಉಳಿದಿದ್ದವು. ಬಾವಿಯ ಮರವನ್ನು ಉಳಿಸಿದ್ದೂ ಗಣಿಯ ಏಣಿಯನ್ನು ಉಳಿಸಿದ್ದೂ ನೀರೇ. ಎರಡನೆಯ ಮಹಡಿಯಿಂದ ಹೊತ್ತುತಂದ ನೆನಪು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ಬೆಳ್ಳಿ ತಂದ ಹಣ ಮತ್ತು ಗಣಿ ಕಲಿಸಿದ ಯಂತ್ರವಿದ್ಯೆ ಮುಂದೆ ನೆಯ್ಗೆ ಗಿರಣಿಗಳ, ಯಂತ್ರ ಕಾರ್ಖಾನೆಗಳ ನಾಡಿಗೆ ಹಾದಿ ಮಾಡಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಮ್ನಿಟ್ಸ್‌ಗೆ ‘ಸ್ಯಾಕ್ಸನಿಯ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಪುರಾತತ್ತ್ವದ ಪ್ರದರ್ಶನ ಆ ಹೊಸ್ತಿಲಲ್ಲಿ ನಿಲ್ಲುತ್ತದೆ. ಮುಂದಿನದು ಕಿಟಕಿಯ ಬದಿಯಲ್ಲಿದೆ. ಏಕೆಂದರೆ ಆ ಗಿರಣಿಗಳ ಕಾರ್ಮಿಕರಿಗೆ ಕೈಗೆಟಕುವ ಬೆಲೆಯಲ್ಲಿ ಒಳ್ಳೆಯ ಸರಕು ಮಾರುವುದಕ್ಕೆಂದೇ ಸೈಮನ್ ಮತ್ತು ಸಲ್ಮಾನ್ ಶೋಕನ್ ಸಹೋದರರು ತ್ಸ್ವಿಕಾವ್ ನಗರವನ್ನು ಕೇಂದ್ರವಾಗಿಟ್ಟುಕೊಂಡು ತಮ್ಮ ಮಳಿಗೆಗಳನ್ನು ಕಟ್ಟಿದ್ದರು. ಅಗ್ಗದ ಸರಕಿಗೂ ಒಳ್ಳೆಯ ವಿನ್ಯಾಸ ಇರಬೇಕೆಂಬ ಸಲ್ಮಾನನ ಹಟವನ್ನೂ ಈ ಕಟ್ಟಡದ ಗೆರೆಗಳನ್ನೂ ಬೇರ್ಪಡಿಸಿ ನೋಡಲಾಗದು. ಕೆಮ್ನಿಟ್ಸ್‌ನ ಮಳಿಗೆ 1930ರ ಮೇ 15ರಂದು ತೆರೆಯಿತು. ಸೈಮನ್ 1929ರಲ್ಲಿ ಕಾರು ಅಪಘಾತದಲ್ಲಿ ತೀರಿಹೋಗಿದ್ದರಿಂದ ಅದನ್ನು ಕಾಣಲಿಲ್ಲ.

ಮೂರೇ ವರ್ಷಗಳಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. 1933ರ ಏಪ್ರಿಲ್ 1ರಂದು ಯೆಹೂದಿ ಅಂಗಡಿಗಳ ಬಹಿಷ್ಕಾರ ದೇಶದಾದ್ಯಂತ ನಡೆಯಿತು. ಮೆಂಡೆಲ್‌ಸೋನ್ ಅದೇ ವರ್ಷ ಜರ್ಮನಿ ಬಿಟ್ಟನು. ಸಲ್ಮಾನ್ ಶೋಕನ್ ಮರುವರ್ಷ ಪ್ಯಾಲೆಸ್ಟೈನಿಗೆ ಹೋದನು. ಜೆರುಸಲೆಮ್‌ನಲ್ಲಿ ಶೋಕನ್‌ನ ಮನೆಯನ್ನೂ ಗ್ರಂಥಾಲಯವನ್ನೂ ವಿನ್ಯಾಸಗೊಳಿಸಿದವನು ಮೆಂಡೆಲ್‌ಸೋನ್‌ನೇ. ಮಳಿಗೆಯ ಒಡೆಯನಾಗಿದ್ದ ಶೋಕನ್ ಪುಸ್ತಕಗಳ ಪ್ರಕಾಶಕನೂ ಸಂಗ್ರಾಹಕನೂ ಆಗಿದ್ದನೆಂಬುದು ಅವನಿಗೆ ಮೀಸಲಾದ ಭಾಗದಲ್ಲಿ ತಿಳಿಯುತ್ತದೆ. 1938ರಲ್ಲಿ ಸಂಸ್ಥೆಯನ್ನು ಒತ್ತಾಯದಿಂದ ಕೈಬದಲಾಯಿಸಿ ‘ಮೆರ್ಕುರ್’ ಎಂದು ಹೆಸರಿಟ್ಟರು; ಗೋಡೆಯ ಮೇಲಿದ್ದ ಶೋಕನ್ ಹೆಸರು ಹೋಯಿತು. ಯುದ್ಧದ ನಂತರ ಪೂರ್ವ ಜರ್ಮನಿಯ ಸರ್ಕಾರಿ ಮಳಿಗೆ, 1990ರ ನಂತರ ಖಾಸಗಿ ಮಳಿಗೆ. 2001ರಲ್ಲಿ ಕೊನೆಯ ವ್ಯಾಪಾರವೂ ಮುಗಿಯಿತು. ಹಿಂದೆ ಡ್ರೆಸ್ಡೆನ್‌ನ ಜಪಾನಿ ಅರಮನೆಯಲ್ಲಿದ್ದ ಪ್ರಾಗಿತಿಹಾಸ ಸಂಗ್ರಹಾಲಯದ ಉತ್ತರಾಧಿಕಾರಿಯಾಗಿ ಸ್ಮ್ಯಾಕ್ 2014ರ ಮೇ 15ರಂದು, ಅಂದರೆ ಮಳಿಗೆ ತೆರೆದು ಸರಿಯಾಗಿ 84 ವರ್ಷಗಳಾದ ದಿನ, ಇಲ್ಲಿ ಬಾಗಿಲು ತೆರೆಯಿತು.

ಕಿಟಕಿಯಂಚಿನ ಈ ಭಾಗವನ್ನು ಓದುವಾಗ ನಿಧಾನವಿರಲಿ. ಒಳಗಿನ ಕಪಾಟುಗಳಲ್ಲಿ ಊರುಗಳು ಸುಟ್ಟುಹೋದದ್ದು, ಜನ ಗುಳೆ ಹೋದದ್ದು, ಹೆಸರುಗಳು ಅಳಿದುಹೋದದ್ದು ಮಸಿಯ ಗೆರೆಯಾಗಿ, ಮುರಿದ ಮಡಕೆಯಾಗಿ ಕಾಣುತ್ತದೆ. ಇಲ್ಲಿ ಅದೇ ಸಂಗತಿಗೆ ತಾರೀಖುಗಳಿವೆ, ಮುಖಗಳಿವೆ. ನನ್ನ ಮಟ್ಟಿಗೆ ಇಡೀ ಸಂಗ್ರಹಾಲಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು.

ಮಕ್ಕಳೊಡನೆ ಬಂದವರಿಗೆ ಮೊದಲ ಎರಡು ಮಹಡಿಗಳು ಹೆಚ್ಚು ಹಿಡಿಸುತ್ತವೆ. ಅಂಥವರು ಮೂರನೆಯದನ್ನು ಚುಟುಕಾಗಿ ನೋಡಿದರೂ, ದೊಡ್ಡವರಲ್ಲಿ ಒಬ್ಬೊಬ್ಬರು ಸರದಿಯ ಮೇಲೆ ಕಿಟಕಿಯ ಬದಿಗೆ ಹೋಗಿಬರುವ ಏರ್ಪಾಡು ಮಾಡಿಕೊಳ್ಳಬಹುದು.

ಹೊರಬಂದ ಮೇಲೆ

ಸಮಯ ಉಳಿದಿದ್ದರೆ ನಡೆದುಹೋಗುವಷ್ಟು ದೂರದಲ್ಲೇ ಇನ್ನೊಂದು ಹಳೆಯ ಮಳಿಗೆಯಿದೆ. ವಿಲ್‌ಹೆಲ್ಮ್ ಕ್ರೈಸ್ ವಿನ್ಯಾಸಗೊಳಿಸಿ 1913ರಲ್ಲಿ ತೆರೆದ ಟೀಟ್ಸ್ ಮಳಿಗೆಯಲ್ಲಿ ಈಗ ನಗರದ ಗ್ರಂಥಾಲಯ ಮತ್ತು ಪ್ರಕೃತಿ ವಿಜ್ಞಾನ ಸಂಗ್ರಹಾಲಯಗಳಿವೆ. ಅದರ ನಡುವಿನ ಅಂಗಳದಲ್ಲಿ ಸುಮಾರು 29 ಕೋಟಿ ವರ್ಷ ಹಿಂದೆ ಜ್ವಾಲಾಮುಖಿಯ ಬೂದಿಯಡಿ ಹೂತು ಕಲ್ಲಾದ ಮರಗಳ ಕಾಂಡಗಳು ನೆಟ್ಟಗೆ ನಿಂತಿವೆ. ಭಾರ ಹೊರುವ ಕಲ್ಲಿನ ಕಂಬಗಳು ಸಾಲಾಗಿ ಎದ್ದು ಕಾಣುವ ಅದರ ಮುಖವನ್ನು ಶೋಕನ್ ಮಳಿಗೆಯ ಮುಖದ ಜೊತೆ ಹೋಲಿಸಿ ನೋಡಿ. ಎರಡರ ನಡುವೆ ಇರುವುದು ಹದಿನೇಳೇ ವರ್ಷ.

ಕತ್ತಲಾದ ಬಳಿಕ ಬೆಳಿಗ್ಗೆ ನಿಂತಿದ್ದ ಜಾಗಕ್ಕೇ ಮರಳಿ ಬನ್ನಿ. ಹಗಲಿನಲ್ಲಿ ಕಲ್ಲಿನ ಪಟ್ಟಿಗಳು ತಿಳಿಯಾಗಿಯೂ ಕಿಟಕಿಗಳು ಕಪ್ಪಾಗಿಯೂ ಇದ್ದವು. ಈಗ ಒಳಗಿನ ದೀಪಗಳಿಂದ ಕಿಟಕಿಗಳು ಬೆಳಕಿನ ಪಟ್ಟಿಗಳಾಗಿ, ಕಲ್ಲು ಕತ್ತಲೆಯಲ್ಲಿ ಕರಗಿರುತ್ತದೆ. ಚಿತ್ರ ತೆಗೆಯುವವರು ಆಕಾಶದಲ್ಲಿ ನೀಲಿ ಇನ್ನೂ ಉಳಿದಿರುವ ಇಪ್ಪತ್ತು ಮೂವತ್ತು ನಿಮಿಷಗಳೊಳಗೆ ತೆಗೆದುಕೊಳ್ಳಬೇಕು. ಬಾಗಿದ ಗೋಡೆ ಪೂರ್ತಿಯಾಗಿ ಚೌಕಟ್ಟಿಗೆ ಸಿಗಬೇಕೆಂದರೆ ಬೀದಿಯ ಆಚೆ ಬದಿಯಲ್ಲೇ ಇನ್ನಷ್ಟು ದೂರ ಸರಿದು ಓರೆಯಾಗಿ ನಿಲ್ಲಬೇಕಾಗುತ್ತದೆ. ಅಲ್ಲಿಂದ ರೈಲು ನಿಲ್ದಾಣಕ್ಕೆ ಮತ್ತೆ ಹದಿನೈದು ನಿಮಿಷದ ನಡಿಗೆ.